ಕೊಳಲು ಯಾರಮ್ಮ ನುಡಿಸಿದ್ದು?

ಪ್ರಶ್ನೆ: ನನಗೆ 39 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಚಿಕ್ಕವಳಿದ್ದಾಗ ಸಂಗೀತ ಕಲಿಯುತ್ತಿದ್ದೆ, ಜೂನಿಯರ್ ಪರೀಕ್ಷೆ ಆದಮೇಲೆ ಬಿಟ್ಟುಹೋಯಿತು. ಎರಡು ವರ್ಷದಿಂದ ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು ನನ್ನದೇ ಸಂಗೀತ ಕಟ್ಟುತ್ತಿದ್ದೇನೆ. ಕೊಳಲು, ಪಿಟೀಲು, ಚೆಲ್ಲೊ ಎಲ್ಲವೂ ಕಂಪ್ಯೂಟರಿನ ವರ್ಚುವಲ್ ವಾದ್ಯಗಳು. ಮೋಹನ ರಾಗದ ಛಾಯೆಯ ಒಂದು ತುಣುಕನ್ನು ಧೈರ್ಯ ಮಾಡಿ ಯೂಟ್ಯೂಬಿಗೆ ಹಾಕಿದೆ, ಮನೆಯವರ ವಾಟ್ಸಾಪ್ ಗುಂಪಿಗೂ ಕಳಿಸಿದೆ. ನಮ್ಮ ಚಿಕ್ಕಮಾವ ಭಜನಾ ಮಂಡಳಿಯಲ್ಲಿ ನಲವತ್ತು ವರ್ಷದಿಂದ ಕೊಳಲು ನುಡಿಸುವವರು. ಅವರು ಫೋನ್ ಮಾಡಿ, "ಕೊಳಲು ಯಾರಮ್ಮ ನುಡಿಸಿದ್ದು? ಅಬ್ಬಾ, ಅಷ್ಟುದ್ದ ಉಸಿರು!" ಅಂದರು. "ಸ್ಕೂಲಿನ ಫ್ರೆಂಡ್ ಒಬ್ಬರು ಮಾವ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಈಗ ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಅವರನ್ನೂ ಕರೆದುಕೊಂಡು ಬಾ ಅನ್ನುತ್ತಿದ್ದಾರೆ. ಇತ್ತ ಕೀಬೋರ್ಡ್ ನುಡಿಸುವ ಸಹೋದ್ಯೋಗಿಯ ಮಗ, "ಪ್ಲಾಸ್ಟಿಕ್ ಕೊಳಲು, ಆಂಟಿ" ಅಂದ. ಎರಡು ತಿಂಗಳಲ್ಲಿ ಅದನ್ನು ಕೇಳಿದ ಲೆಕ್ಕ 61, ಅದರಲ್ಲಿ ಅರ್ಧ ನಾನೇ. ವಾದ್ಯ ನುಡಿಸಲು ಬಾರದ ನಾನು ಮಾಡುತ್ತಿರುವುದು ಸಂಗೀತವೋ ಮೋಸವೋ? ನಿಲ್ಲಿಸಿಬಿಡಲೇ?

ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಪತ್ರದ ಜೊತೆ ಕಳಿಸಿದ್ದ ತುಣುಕನ್ನು ನಾಲ್ಕು ಸಲ ಕೇಳಿದೆ. ಮೂರನೆಯ ಸಲ ಗಡಿಯಾರ ನೋಡಿಕೊಂಡು ಕೇಳಿದೆ. 1 ನಿಮಿಷ 12 ಸೆಕೆಂಡಿಗೆ ಎತ್ತಿಕೊಂಡ ಕೊಳಲು 1 ನಿಮಿಷ 34 ಸೆಕೆಂಡಿನವರೆಗೆ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಸ್ವರದ ಮೇಲೆ ಸ್ವರ ಒತ್ತಿಕೊಂಡೇ ಬರುತ್ತದೆ. ಇಷ್ಟು ತುಂಬಿದ ಸಾಲಿನಲ್ಲಿ ಕೊಳಲಿನವರು ಎರಡು ಮೂರು ಕಡೆಯಾದರೂ ಉಸಿರೆಳೆಯುತ್ತಾರೆ. ನಲವತ್ತು ವರ್ಷ ಆ ಬಿದಿರಿಗೆ ಉಸಿರು ತುಂಬಿದವರಿಗೆ ಇದು ಗೊತ್ತಾಗಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. "ಅಷ್ಟುದ್ದ ಉಸಿರು" ಎಂದಾಗ ನಿಮ್ಮ ಚಿಕ್ಕಮಾವ ನಿಜವಾಗಿಯೂ ಬೆರಗಾಗಿದ್ದರೋ, ಅನುಮಾನದಿಂದ ಕೇಳಿದರೋ ನಾನು ಹೇಳಲಾರೆ. ಆದರೆ ಅವರ ಕಿವಿ ಹೋಗಿ ನಿಂತದ್ದೂ ಆ ಹುಡುಗನ ಕಿವಿ ನಿಂತದ್ದೂ ಒಂದೇ ಜಾಗದಲ್ಲಿ. ಒಬ್ಬರು ಮೆಚ್ಚಿದರು, ಇನ್ನೊಬ್ಬ ಚುಚ್ಚಿದ ಅಂತ ನೀವು ನೊಂದುಕೊಂಡಿದ್ದೀರಿ. ಇಬ್ಬರೂ ಹೇಳಿದ್ದು ನಿಮ್ಮ ಕೊಳಲು ಉಸಿರಾಡುತ್ತಿಲ್ಲ ಎಂಬ ಒಂದೇ ಮಾತನ್ನು.

ಅದನ್ನು ಸರಿ ಮಾಡಬಹುದು, ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ಆ ಸುಳ್ಳಿನ ವಿಷಯ.

ಗೃಹಪ್ರವೇಶದವರೆಗೆ ಕಾಯಬೇಡಿ, ಈ ಭಾನುವಾರವೇ ಅವರ ಮನೆಗೆ ಹೋಗಿ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಲ್ಯಾಪ್‌ಟಾಪ್ ಜೊತೆಗಿರಲಿ. "ಮಾವ, ಅವತ್ತು ಸುಳ್ಳು ಹೇಳಿದೆ. ಯಾವ ಫ್ರೆಂಡೂ ಇಲ್ಲ, ಇದು ಕಂಪ್ಯೂಟರಿನ ಕೊಳಲು, ಸ್ವರ ಮಾತ್ರ ನಾನು ಹಾಕಿದ್ದು" ಅನ್ನಿ. ಇನ್ನೇನೂ ಸಮಜಾಯಿಷಿ ಬೇಡ. ಆಮೇಲೆ ಸ್ಕ್ರೀನ್ ತೆರೆದು ಆ ಸಾಲು ಎಲ್ಲಿದೆ, ಹೇಗೆ ಬರೆದಿರಿ ಅಂತ ತೋರಿಸಿ. ನಿಮ್ಮ ಬಾಯಿಂದ ಆ ಮಾತು ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತದೆ. "ಕಂಪ್ಯೂಟರ್" ಅಂದ ಕೂಡಲೇ "ಓ, ಹಾಗಾದರೆ ನೀನು ಮಾಡಿದ್ದೇನು?" ಅನ್ನುತ್ತಾರೆ ಎಂಬ ಭಯ. ನೀವು ತಪ್ಪಿದ್ದು ಆ ಒಂದು ಉತ್ತರದಲ್ಲಿ ಮಾತ್ರ. ರಾತ್ರಿ ಮೇಜಿನ ಮುಂದೆ ಕೂತು ಮಾಡಿದ ಕೆಲಸದಲ್ಲಿ ಮೋಸವೇನೂ ಇಲ್ಲ.

ಯಾಕೆ ಇಲ್ಲ ಎಂಬುದನ್ನು ನೀವು ಖಚಿತವಾಗಿ ತಿಳಿದಿರಬೇಕು, ಇಲ್ಲವಾದರೆ ನಾಳೆ ಮತ್ತೊಬ್ಬರು ಕೇಳಿದಾಗ ಮತ್ತೆ ತಡವರಿಸುತ್ತೀರಿ. ನಿಮ್ಮ ಕೊಳಲು ಯಂತ್ರದಿಂದ ಹುಟ್ಟಿದ್ದಲ್ಲ. ಇಂಥ ಸ್ಯಾಂಪಲ್ ಲೈಬ್ರರಿಗೆ ನಿಜವಾದ ಕಲಾವಿದರು ಸ್ಟುಡಿಯೋದಲ್ಲಿ ಕೂತು ಒಂದೊಂದೇ ಸ್ವರವನ್ನು ಮೆಲ್ಲಗೆ, ಜೋರಾಗಿ, ಉದ್ದವಾಗಿ, ತುಂಡಾಗಿ, ಮತ್ತೆ ಮತ್ತೆ ನುಡಿಸಿ ಕೊಟ್ಟಿರುತ್ತಾರೆ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ವಾದಕರನ್ನು ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ ಹೀಗೆ ಕೂರಿಸಿ ಧ್ವನಿಮುದ್ರಿಸಿದ ಲೈಬ್ರರಿಯೊಂದಿದೆ. ಆ ಸ್ವರಗಳನ್ನು ಯಾವ ಕ್ರಮದಲ್ಲಿ, ಎಷ್ಟು ಹೊತ್ತು, ಯಾವುದರ ಪಕ್ಕ ಯಾವುದನ್ನು ಎಂದು ನಿರ್ಧರಿಸಿದವರು ನೀವು. ರಚನೆ ಎಂದರೆ ಅದೇ. ಸಿನಿಮಾ ಹಾಡಿನ ಹಿಂದಿನ ಇಪ್ಪತ್ತು ಪಿಟೀಲುಗಳನ್ನು ಸಂಗೀತ ನಿರ್ದೇಶಕರೇ ನುಡಿಸುವುದಿಲ್ಲವಲ್ಲ. 1968ರಲ್ಲಿ ವೆಂಡಿ ಕಾರ್ಲೋಸ್ ಮೂಗ್ ಸಿಂಥಸೈಜರ್‌ನಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ಒಂದು ಆಲ್ಬಂ ಮಾಡಿದರು. ಆ ಯಂತ್ರ ಒಮ್ಮೆಗೆ ಒಂದೇ ಸ್ವರ ಕೊಡುತ್ತಿತ್ತು, ಹಾಗಾಗಿ ಒಂದೊಂದು ಎಳೆಯನ್ನೂ ಬೇರೆ ಬೇರೆ ಟೇಪಿಗೆ ಹಿಡಿದು ಹೆಣೆಯಬೇಕಾಯಿತು. ಆ ತಾಳ್ಮೆ ಎಂಥದ್ದು ಅಂತ, ರಾತ್ರಿ ಹನ್ನೊಂದಕ್ಕೆ ಮೌಸ್ ಹಿಡಿದು ಕೂರುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ಮುಂದೆ ಹಾಕುವ ಪ್ರತಿ ತುಣುಕಿನ ಕೆಳಗೆ, "ರಚನೆ ನನ್ನದು, ವಾದ್ಯಗಳು ವರ್ಚುವಲ್" ಅಂತ ಬರೆದು ಲೈಬ್ರರಿಯ ಹೆಸರನ್ನೂ ಕೊಡಿ. ಆಮೇಲೆ ಯಾರೂ ನಿಮ್ಮನ್ನು ಸಿಕ್ಕಿಹಾಕಿಸುವಂತಿಲ್ಲ.

ಈಗ ಉಸಿರಿಗೆ ಬರೋಣ. ನೀವು ಸ್ವರಗಳನ್ನು ಮೌಸಿನಿಂದ ಚುಕ್ಕಿ ಇಟ್ಟ ಹಾಗೆ ಇಟ್ಟಿದ್ದೀರಿ ಎಂದು ನನ್ನ ಊಹೆ, ಎಲ್ಲ ಸ್ವರವೂ ಒಂದೇ ತೂಕದಲ್ಲಿ ಕೇಳಿಸುತ್ತಿದೆ. ಕಂಪ್ಯೂಟರಿಗೆ ಸ್ವರ ತಿಳಿಸುವ ಮಿಡಿ ಭಾಷೆಯಲ್ಲಿ ಪ್ರತಿ ಸ್ವರದ ಹೊಡೆತಕ್ಕೂ ವೆಲಾಸಿಟಿ ಎಂಬ ಅಂಕಿ ಇರುತ್ತದೆ, 1ರಿಂದ 127ರವರೆಗೆ. ಗಣಿತದ ಟೀಚರ್ ಆದ ನಿಮಗೆ ಅಂಕಿಗಳನ್ನು ಬದಲಾಯಿಸುವ ಆಸೆ ಹುಟ್ಟಬಹುದು, ಆದರೆ ಅಲ್ಲಿಂದ ಶುರುಮಾಡಬೇಡಿ. ಹಾಡುವುದರಿಂದ ಶುರುಮಾಡಿ. ಆ 22 ಸೆಕೆಂಡಿನ ಸಾಲನ್ನು ಬಾಯಿಬಿಟ್ಟು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮಗೆ ಎಲ್ಲಿ ಉಸಿರು ಬೇಕಾಯಿತೋ ಅಲ್ಲಿ ಸ್ವರವನ್ನು ಕತ್ತರಿಸಿ ಸ್ವಲ್ಪ ಜಾಗ ಬಿಡಿ. ಎಲ್ಲಿ ದನಿ ತಾನಾಗಿ ಏರಿತೋ ಅಲ್ಲಿ ಒತ್ತು ಹೆಚ್ಚಿಸಿ. ನೀವು ಜೂನಿಯರ್‌ವರೆಗೆ ಕಲಿತದ್ದು ವ್ಯರ್ಥ ಅಂದುಕೊಂಡಿದ್ದರೆ ಇಲ್ಲಿ ನೋಡಿ, ಅದು ಕೈಹಿಡಿಯುತ್ತದೆ. ಸಣ್ಣದೊಂದು ಮಿಡಿ ಕೀಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮಾಡ್ಯುಲೇಷನ್ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾ ಸ್ವರದ ಏರಿಳಿತ ಕೊಡಲು ಬಹಳಷ್ಟು ಲೈಬ್ರರಿಗಳಲ್ಲಿ ಆಗುತ್ತದೆ.

ಗಮಕದ ಕಷ್ಟ ಬೇರೆ. ಪಾಶ್ಚಾತ್ಯ ಕೊಳಲಿನ ಲೈಬ್ರರಿಗೆ ನಮ್ಮ ಜಾರು, ಕಂಪಿತ ಗೊತ್ತಿಲ್ಲ. ಪಿಚ್ ಬೆಂಡ್‌ನಿಂದ ಅಷ್ಟಿಷ್ಟು ತರಬಹುದು. ಮೋಹನ ಆಯ್ದುಕೊಂಡಿದ್ದಕ್ಕೆ ನೀವು ಬಚಾವಾಗಿದ್ದೀರಿ. ತೋಡಿಯಾಗಿದ್ದರೆ ಆ ಗಾಂಧಾರವನ್ನು ಮೌಸ್ ಕೈಗೆ ಕೊಟ್ಟು ಕಣ್ಣೀರು ಹಾಕಬೇಕಾಗಿತ್ತು. ಇಲ್ಲೇ ನನಗೆ ಚಿಕ್ಕಮಾವನವರ ನೆನಪಾಗುವುದು. ಸತ್ಯ ಹೇಳಿದ ಮೇಲೆ, ಆ ಸಾಲನ್ನು ಒಮ್ಮೆ ನುಡಿಸಿ ಕೊಡುತ್ತೀರಾ ಅಂತ ಕೇಳಿ. ಶ್ರುತಿ ಹೊಂದಿಸಿಕೊಳ್ಳಬೇಕಾದೀತು. ಮೊಬೈಲಿನ ರೆಕಾರ್ಡಿಂಗೇ ಸಾಕು. ನೀವು ಬರೆದ ಸ್ವರ ಮನುಷ್ಯರೊಬ್ಬರ ಬಾಯಿಂದ ಬರುವುದನ್ನು ಪಕ್ಕದಲ್ಲೇ ಕೂತು ಕೇಳಿ. ಎಲ್ಲಿ ಅವರು ನಿಮ್ಮ ಸಾಲನ್ನು ಮುರಿದರು ಎಂದು ಗುರುತು ಹಾಕಿಕೊಳ್ಳಿ.

61ರ ಲೆಕ್ಕದ ಬಗ್ಗೆ. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಐವ್ಸ್ ಎಂಬವರಿದ್ದರು. ಹೊಟ್ಟೆಪಾಡಿಗೆ ವಿಮೆ ಕಂಪನಿ ನಡೆಸುತ್ತಿದ್ದರು, ಬಿಡುವಿನಲ್ಲಿ ಸಂಗೀತ ಬರೆಯುತ್ತಿದ್ದರು. 1920ರ ಹೊತ್ತಿಗೆ ತಮ್ಮ ಕಾನ್ಕರ್ಡ್ ಸೊನಾಟಾವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ, ಕೇಳದಿದ್ದವರಿಗೂ ಪುಕ್ಕಟೆ ಅಂಚೆಯಲ್ಲಿ ಕಳಿಸಿದರು. ಹೆಚ್ಚಿನವರಿಗೆ ಅದು ಅರ್ಥವಾಗಲಿಲ್ಲ. ಜಾನ್ ಕರ್ಕ್‌ಪ್ಯಾಟ್ರಿಕ್ ಎಂಬ ಪಿಯಾನೊ ವಾದಕರು ವರ್ಷಗಟ್ಟಲೆ ಅದನ್ನು ಅಭ್ಯಾಸ ಮಾಡಿ 1939ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಪೂರ್ತಿಯಾಗಿ ನುಡಿಸಿದರು. ಐವ್ಸ್‌ಗೆ ಆಗ ಅರವತ್ತು ದಾಟಿತ್ತು. ನೀವೂ ಅಷ್ಟು ವರ್ಷ ಕಾಯಿರಿ ಅಂತ ಇದನ್ನು ಹೇಳುತ್ತಿಲ್ಲ. ಆ ಕೃತಿಯನ್ನು ಉಳಿಸಿದ್ದು ಮನಸ್ಸಿಟ್ಟು ಕೂತ ಒಂದು ಕಿವಿ. ಅಂಥ ಮೂರು ನಾಲ್ಕು ಕಿವಿ ಹುಡುಕಿಕೊಳ್ಳಿ. ನಿಮ್ಮ ಹಾಗೆಯೇ ರಾತ್ರಿ ಕೂತು ಕಟ್ಟುವವರು ಸಿಗುತ್ತಾರೆ. ಅವರದನ್ನು ಮೊದಲು ನೀವು ಪೂರ್ತಿ ಕೇಳಿ, ಎರಡು ಸಾಲು ಬರೆಯಿರಿ. ನಿಮ್ಮದನ್ನು ಕಳಿಸುವಾಗ "ಹೇಗಿದೆ?" ಅಂತ ಕೇಳಬೇಡಿ, ಅದಕ್ಕೆ "ಸೂಪರ್" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಪಿಟೀಲು ಬಂದ ಮೇಲೆ ಕೊಳಲು ಮುಚ್ಚಿಹೋಗುತ್ತದೆಯೇ?" ಅಂತ ಕೇಳಿ. ಆ ಹುಡುಗನನ್ನೂ ಬಿಡಬೇಡಿ. ಅವನ ಮಾತು ಒರಟು, ಕಿವಿ ಒಳ್ಳೆಯದು.

ಯಾರಾದರೂ ಕದ್ದರೆ ಎಂಬ ಹೆದರಿಕೆ ಮುಂದೆ ಬಂದರೆ ನೆನಪಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚನೆಯ ಹಕ್ಕು ನಿಮ್ಮದೇ, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಕೆಲಸದ ಮೂಲ ಫೈಲುಗಳನ್ನು ಜೋಪಾನ ಮಾಡಿ, ಅಷ್ಟು ಸಾಕು.

ಕೊನೆಯದೊಂದು. 2 ನಿಮಿಷ 51 ಸೆಕೆಂಡಿಗೆ ಎಲ್ಲವೂ ನಿಂತು ಚೆಲ್ಲೊ ಒಂದೇ ಉಳಿದು, ಗಾಂಧಾರದಿಂದ ಷಡ್ಜಕ್ಕೆ ಇಳಿಯದೆ ರಿಷಭದ ಮೇಲೆ ಸುಮ್ಮನೆ ನಿಂತುಬಿಡುತ್ತದೆ. ನಾಲ್ಕು ಸಲವೂ ಅಲ್ಲಿ ನನ್ನ ಕೈಯಲ್ಲಿದ್ದ ಕೆಲಸ ನಿಂತಿತು. ಚಿಕ್ಕಮಾವನವರ ಕೊಳಲು ಬಂದ ಮೇಲೆ ಏನನ್ನು ಬೇಕಾದರೂ ಬದಲಾಯಿಸಿ, ಆ ಜಾಗವನ್ನು ಮಾತ್ರ ಮುಟ್ಟಬೇಡಿ.