ನಾಲ್ಕನೆಯ ತರಗತಿಯ ಹೊಸ್ತಿಲಲ್ಲಿ

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿದ ‘ನಲಿ-ಕಲಿ’ ಪದ್ಧತಿಯಲ್ಲಿ ಎಳೆಯ ತರಗತಿಗಳ ಮಕ್ಕಳು ಗುಂಪುಗೂಡಿ ಕುಳಿತು, ಕಾರ್ಡುಗಳ ನೆರವಿನಿಂದ, ಕಲಿಕೆಯ ಏಣಿಯನ್ನು ತಂತಮ್ಮ ವೇಗದಲ್ಲಿ ಏರುತ್ತಾರೆ. ನಾಲ್ಕನೆಯ ತರಗತಿಯಲ್ಲಾದರೋ ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ನಿನ್ನೆಯವರೆಗೆ ನಲಿಯುತ್ತಿದ್ದ ಮಗು ಇಲ್ಲಿ ಮೂಕವಾಗುವುದುಂಟು. ರಾಜಾಜಿನಗರದಿಂದ ಕೆಂಗೇರಿಯವರೆಗೆ, ದುಡಿಯಲು ಹೋಗುವ ತಂದೆತಾಯಿಗಳಿಗೆ ಈ ಮೌನ ಬೇಗನೆ ಕಾಣಿಸದು, ಕಾಣಬೇಕಾದವರು ಅಧ್ಯಾಪಕರೇ.

ಜೂನ್ ತಿಂಗಳ ‘ಸೇತುಬಂಧ’ವು ಹಿಂದಿನ ವರ್ಷದ ಬುನಾದಿ ಸಾಮರ್ಥ್ಯಗಳನ್ನು ಪರೀಕ್ಷಿಸಿ, ಕೊರತೆಯನ್ನು ತುಂಬಿ, ಸಾಫಲ್ಯ ಪರೀಕ್ಷೆಯಿಂದ ಫಲವನ್ನು ಅಳೆಯುತ್ತದೆ. ಕ್ರಮವೇನೋ ಸೊಗಸಾದುದು. ಆದರೆ ವಹಿಯಲ್ಲಿ ಅಂಕ ತುಂಬಿದ ಮಾತ್ರಕ್ಕೆ ಸೇತುವೆ ನಿಲ್ಲದು (ವಹಿ ತುಂಬುವುದರಲ್ಲಿ ನಮ್ಮ ಶಾಲೆಗಳು ಎಂದೂ ಹಿಂದೆ ಬಿದ್ದಿಲ್ಲ). ಸಿದ್ಧತೆಯು ಫೆಬ್ರವರಿಯಲ್ಲಿಯೇ ತೊಡಗಬೇಕು. ನಾಲ್ಕನೆಯ ತರಗತಿಯ ಉಪಾಧ್ಯಾಯರು ವಾರಕ್ಕೊಮ್ಮೆ ಕೆಳಗಿನ ಕೋಣೆಗೆ ಬಂದು ಒಂದು ಕಥೆ ಹೇಳಲಿ. ಮಕ್ಕಳು ಮೇಲಿನ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು, ಕಪ್ಪು ಹಲಗೆಯಿಂದ ನಾಲ್ಕು ಸಾಲು ಬರೆದುಕೊಳ್ಳಲಿ. ಪ್ರತಿ ಮಗುವೂ ಏಣಿಯ ಯಾವ ಮೆಟ್ಟಿಲಲ್ಲಿದೆಯೆಂಬ ಚೀಟಿ ಉಪಾಧ್ಯಾಯರಿಂದ ಉಪಾಧ್ಯಾಯರಿಗೆ ನೇರವಾಗಿ ಸಲ್ಲಲಿ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ತಡವರಿಸುವ ಮಗುವಿಗೆ ನಾಲ್ಕನೆಯ ತರಗತಿಯಲ್ಲಿಯೂ ಹತ್ತರ ಕಡ್ಡಿಕಟ್ಟನ್ನು ಮತ್ತೆ ಕೈಗೆ ಕೊಡಬಹುದು. ಅದರಿಂದ ತರಗತಿಯ ಘನತೆಗೇನೂ ಕುಂದಿಲ್ಲ.