ಮಂಡಿಯ ಮುಂಗಡವೂ ಮನೆಯ ಮಾನವೂ

ಮಲೆನಾಡಿನಲ್ಲಿ ಸಾಲವಿಲ್ಲದ ಅಡಿಕೆ ಬೆಳೆಗಾರನು ದುರ್ಲಭನೆಂಬುದನ್ನು ಬಲ್ಲೆನಾದರೂ, ಮುತ್ತಿನಕೊಪ್ಪದ ನಮ್ಮ ಮನೆಯ ಋಣವು ತೀರಿದ ಬಗೆಯನ್ನು ಬರೆಯಲು ನಾನು ಮನಸ್ಸು ಮಾಡಿರುವುದು, ಆ ಕುರಿತು ಊರಿನಲ್ಲಿ ಹಬ್ಬಿರುವ ಮಾತುಗಳೆಲ್ಲ ಅಸತ್ಯವಾಗಿರುವುದರಿಂದ. ಸರ್ಕಾರದ ಮನ್ನಾದಿಂದ ಬದುಕಿಕೊಂಡನೆನ್ನುವವರು ಕೆಲವರು. ಹಿರಿಯರ ಗದ್ದೆಯನ್ನು ಮಾರಿ ತಿಂದನೆನ್ನುವವರು, ನನ್ನ ಸೋದರಮಾವನವರನ್ನೂ ಒಳಗೊಂಡು, ಹಲವರು.

ವೆನಿಲ್ಲಾ ಬಳ್ಳಿಯನ್ನು ನಮ್ಮ ತೋಟಕ್ಕೆ ತರಿಸಿದವರು ನನ್ನ ಭಾವನವರು. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತವು ಬಡಿದು ಅಲ್ಲಿಯ ಬೆಳೆ ನಾಶವಾದ ಮೇಲೆ ಏರುತ್ತ ಹೋದ ಧಾರಣೆಯು, 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋ ಒಂದಕ್ಕೆ 3,000 ರೂಪಾಯಿಗಳನ್ನು ಮೀರಿದ್ದಿತು. ಜನರು ರಾತ್ರಿ ದೀಪ ಹಿಡಿದು ತೋಟ ಕಾಯುತ್ತಿದ್ದರು. ಅಡಿಕೆಯ ಧಾರಣೆ ಕುಸಿದಿದ್ದ ಆ ದಿನಗಳಲ್ಲಿ ಭಾವನವರ ಮಾತು ವೇದವಾಕ್ಯವೆನಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಳ್ಳಿಯು ಹೂಬಿಡುವುದಕ್ಕೆ ಮೂರು ವರ್ಷ ಬೇಕು. ಒಂದೇ ಬೆಳಗು ಅರಳಿರುವ ಆ ಹೂವಿಗೆ ಮನುಷ್ಯನೇ ಕಡ್ಡಿಯಿಂದ ಪರಾಗಸ್ಪರ್ಶ ಮಾಡಬೇಕು. ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು ಕಾಯಬೇಕು. ನಮ್ಮ ಕೋಡು ಬಲಿಯುವಷ್ಟರಲ್ಲಿ ಕೊಳ್ಳುವವರೇ ಇರಲಿಲ್ಲ, ಭಾವನವರು ಬೆಂಗಳೂರು ಸೇರಿದ್ದರು.

ಉಳಿದುದು ಮೂರು ಸಾಲ: ಬಳ್ಳಿಗೂ ನೀರಾವರಿಗೂ ತೆಗೆದ ಬ್ಯಾಂಕಿನದು, ಬೆಳೆಗೆಂದು ಪಡೆದ ಸಹಕಾರ ಸಂಘದ್ದು, ಮತ್ತು ಶಿವಮೊಗ್ಗದ ಮಂಡಿಯೊಂದರ ಮುಂಗಡ. ಸಂಘದ ಸಾಲಕ್ಕೆ ಪಕ್ಕದ ಮನೆಯವರು ಜಾಮೀನು ನಿಂತಿದ್ದರು.

ಕೊಯ್ಲಿನ ಕಾಲದ ಒಂದು ಸಂಜೆ ನಡೆದುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂಗಳದಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು; ಹಂಡೆಯಲ್ಲಿ ಅಡಿಕೆ ಬೇಯುತ್ತಿದ್ದಿತು, ಚೊಗರಿನ ವಾಸನೆ ಮನೆಯನ್ನೆಲ್ಲ ತುಂಬಿದ್ದಿತು. ಆಗ ಜೀಪೊಂದು ಬಂದು ನಿಂತು, ಅದರಿಂದಿಳಿದ ಸಂಘದ ವಸೂಲಿ ಅಧಿಕಾರಿಯು ಜಗಲಿಗೆ ಬರದೆ, ಕುರ್ಚಿಯನ್ನೂ ನೀರನ್ನೂ ನಿರಾಕರಿಸಿ, ಅಂಗಳದ ನಡುವೆ ನಿಂತು ಕಾಗದವನ್ನು ಬಿಡಿಸಿ ಅಸಲು, ಬಡ್ಡಿ, ದಂಡಬಡ್ಡಿಗಳನ್ನು ಕೂಲಿಯಾಳುಗಳಿಗೆಲ್ಲ ಕೇಳುವಂತೆ ಓದಿದನು. "ಒಳಗೆ ಬನ್ನಿ, ಮಾತನಾಡೋಣ" ಎಂದೆನು. "ಒಳಗೆ ಮಾತನಾಡಿ ಮಾತನಾಡಿಯೇ ಇಷ್ಟಾಗಿದೆ, ರಾಯರೇ" ಎಂದು, ಸುಲಿಯುವವರ ಕಡೆಗೆ ತಿರುಗಿ, "ಈ ವಾರದ ಕೂಲಿಯನ್ನು ಮೊದಲೇ ಕೇಳಿ ಇಸಕೊಳ್ಳಿ" ಎಂದನು. ಕತ್ತಿಗಳ ಸದ್ದು ನಿಂತಿತು. ನನ್ನ ತಾಯಿಯ ಕಾಲದಿಂದ ನಮ್ಮಲ್ಲಿಗೆ ಬರುತ್ತಿದ್ದ ಮುದುಕಿಯೊಬ್ಬಳು ಮಾತ್ರ ತಲೆಯೆತ್ತದೆ, "ಈ ಮನೆಯ ಕೂಲಿ ಎಂದೂ ನಿಂತಿಲ್ಲ, ಸ್ವಾಮಿ" ಎಂದು ಸುಲಿಯತೊಡಗಿದಳು. ಕಾನೂನು ಆತನಿಗೆ ವಸೂಲಿಯ ಅಧಿಕಾರವನ್ನು ಕೊಟ್ಟಿದ್ದಿತೇ ಹೊರತು ಮಾನ ಕಳೆಯುವ ಅಧಿಕಾರವನ್ನಲ್ಲ. ಆದರೆ ಅಲ್ಲಿಂದ ಆತನು ನೇರವಾಗಿ ನಡೆದುದು ನನಗಾಗಿ ಸಹಿ ಮಾಡಿದ್ದ ನೆರೆಯವರ ಮನೆಗೆ. ಆ ರಾತ್ರಿ ನನಗೆ ಅನ್ನ ಇಳಿಯದಿದ್ದುದು ಅದಕ್ಕಾಗಿ.

ಮರುದಿನವೇ ಮನೆಯಾಕೆಯ ಒಡವೆಗಳನ್ನು ಒತ್ತೆಯಿಟ್ಟು ಸಂಘದ ಬಾಕಿಯನ್ನು ತೀರಿಸಿದೆನು. ಮುಂದಿನ ವರ್ಷ ಕೇಂದ್ರ ಸರ್ಕಾರವು ಕೃಷಿ ಸಾಲ ಮನ್ನಾ ಘೋಷಿಸಿತು. 2007ರ ಮಾರ್ಚ್ 31ರೊಳಗೆ ಪಡೆದು, ಅದೇ ವರ್ಷದ ಡಿಸೆಂಬರ್ 31ಕ್ಕೆ ಸುಸ್ತಿಯಾಗಿದ್ದ ಸಾಲಗಳಿಗೆ ಮಾತ್ರ ಅದರ ಪ್ರಯೋಜನ. ಐದು ಎಕರೆಯೊಳಗಿನವರಿಗೆ ಪೂರ್ಣ ಮನ್ನಾ, ಮೇಲ್ಪಟ್ಟವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲಿನ ರಿಯಾಯಿತಿ. ಒಡವೆಯಿಟ್ಟು ತೀರಿಸಿದವನ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಬ್ಯಾಂಕಿನ ಬಾಕಿ ಕಂತುಗಳಲ್ಲಿ ನನಗೆ ದೊರೆತುದು ಆ ಕಾಲು ಪಾಲು ಮಾತ್ರ. ನನ್ನನ್ನು ಉಳಿಸಿದ ಸರ್ಕಾರದ ಕೃಪೆ ಇಷ್ಟೇ.

ಮುಕ್ಕಾಲು ಪಾಲಿಗೂ ಮಂಡಿಯ ಮುಂಗಡಕ್ಕೂ ಗದ್ದೆಯನ್ನು ಮಾರಿದೆನು. ಪಿತ್ರಾರ್ಜಿತವೆಂದು ಸೋದರಮಾವನವರು ಮನೆಗೆ ಬರುವುದನ್ನೇ ಬಿಟ್ಟರು. ಅವರಿಗೆ ತಿಳಿಯದ ಸಂಗತಿಯೆಂದರೆ, ಮುಂಗಡ ಪಡೆದವನು ಆ ಮಂಡಿಗೇ ಅಡಿಕೆಯನ್ನು ಒಯ್ಯಬೇಕು. ಸಾಹುಕಾರನು ತೂಗಿದುದೇ ತೂಕ, ಹೇಳಿದುದೇ ಧಾರಣೆ, ಅದರ ಮೇಲೆ ಬಡ್ಡಿ. ರಾಶಿ ಅಡಿಕೆಯನ್ನು ಅಟ್ಟದಲ್ಲಿಟ್ಟು ಬೆಲೆ ಬರುವ ತನಕ ಕಾಯುವ ಹಕ್ಕು ಬೆಳೆದವನಿಗಿಲ್ಲ. ಬ್ಯಾಂಕಿನ ಸಾಲವು ಹಣವನ್ನು ಕೇಳುತ್ತದೆ, ಮಂಡಿಯ ಮುಂಗಡವು ಬೆಳೆಯನ್ನೇ ಕೇಳುತ್ತದೆ. ಗದ್ದೆಯನ್ನು ಕೊಟ್ಟು ನಾನು ಕೊಂಡುದು ಆ ಹಕ್ಕನ್ನು. ಆಮೇಲಿನ ವರ್ಷಗಳಲ್ಲಿ ಅಡಿಕೆಯನ್ನು ಹಿಡಿದಿಟ್ಟು ಮಾರಿದ ಹಣದಿಂದಲೇ ಒಡವೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದೆನು.

ಸಾಲದಲ್ಲಿ ಮುಳುಗಿದವರಿಗೆ ನನ್ನ ಮಾತು ಸ್ವಲ್ಪವೇ. ಸಾಲಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿರಿ. ಜಾಮೀನುದಾರನಿಗೆ ನೋಟೀಸು ಹೋಗುವ ಸಾಲವನ್ನು ಮೊದಲು, ಬೆಳೆಯನ್ನು ಕಟ್ಟಿಹಾಕುವುದನ್ನು ಅನಂತರ ತೀರಿಸಿರಿ. ಲೋಕ ಅದಾಲತ್ತಿನ ಕರೆ ಬಂದರೆ ಹೋಗಿರಿ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ಆದರೆ ರಾಜಿಯ ಮೇಲೆ ಮೇಲ್ಮನವಿಯೂ ಇಲ್ಲವಾದುದರಿಂದ ಸಹಿಗೆ ಮುನ್ನ ಅಂಕಿಗಳನ್ನು ಓದಿಸಿ ಕೇಳಿರಿ. ಮನ್ನಾ ಬರುವುದೆಂದು ಕಾಯುತ್ತ ಕೂರದಿರಿ. ಮಾರಲೇಬೇಕಾದರೆ ಹರಾಜಿಗೆ ಮುಂಚೆ, ನೀವೇ ಬೆಲೆ ಹೇಳಿ ಮಾರಿರಿ. ಬಂಧುಗಳು ಮುನಿಯುತ್ತಾರೆ, ಮುನಿಯಲಿ, ಬಡ್ಡಿ ಕಟ್ಟುವವರು ಅವರಲ್ಲ.