ಕಣ್ಣು ತೆರೆಯದ ಕುನ್ನಿಗೆ ಮೊದಲು ಕಾವು, ಆಮೇಲೆ ಹಾಲು

ಬಾಗಲಕೋಟೆ ಜಿಲ್ಲೆಯಲ್ಲಿ ನಾಯಿಯ ಮಾತು ಬಂದರೆ ಮುಧೋಳ ಬಾರದೆ ಇರದು. ಘೋರ್ಪಡೆ ಅರಸರು ಬೆಳೆಸಿದ ಈ ಬೇಟೆ ತಳಿಯ ಅಂಚೆಚೀಟಿ 2005ರಲ್ಲಿ ಬಂತು; ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ತೆಳು ಚರ್ಮ, ಸಣ್ಣ ಕೂದಲು, ಮೈಮೇಲೆ ಕೊಬ್ಬು ಕಡಿಮೆ. ಹೀಗಾಗಿ ಇದರ ಕುನ್ನಿಗಳ ಬಗ್ಗೆ ತುಸು ಹೆಚ್ಚೇ ಎಚ್ಚರ ಬೇಕು. ಉಳಿದ ಕ್ರಮವೆಲ್ಲ ಬಾದಾಮಿ, ಹುನಗುಂದ, ಇಳಕಲ್‌ನ ಓಣಿ ನಾಯಿಯ ಮರಿಗಳಿಗೂ ಒಂದೇ.

ಹಾಸಿಗೆ ಮತ್ತು ಕಾವು

ಮೊದಲ ಎರಡು ವಾರ ಕುನ್ನಿ ತನ್ನ ಮೈ ಕಾವನ್ನು ತಾನೇ ಕಾಯ್ದುಕೊಳ್ಳಲಾರದು. ಪಡಸಾಲೆಯ ಗಾಳಿ ನುಗ್ಗದ ಮೂಲೆಯಲ್ಲಿ ಹಳೆಯ ಕೌದಿ ಹಾಸಿ. ದಾರ ಜೋತುಬಿದ್ದಿದ್ದರೆ ಕತ್ತರಿಸಿ, ಕಾಲಿಗೆ ಸುತ್ತಿಕೊಳ್ಳುತ್ತದೆ. ಕಣಿಕೆ, ಹೊಟ್ಟು ಬೇಡ. ಧೂಳು ಮೂಗಿಗೆ ಹೋಗುತ್ತದೆ. ಮೊದಲ ವಾರ ಆ ಮೂಲೆಯಲ್ಲಿ 29ರಿಂದ 32 ಡಿಗ್ರಿ ಇರಲಿ. ಡಿಸೆಂಬರ್ ರಾತ್ರಿಗಳಲ್ಲಿ ಹಾಸಿಗೆಯ ಒಂದು ಬದಿಗೆ ಮಾತ್ರ ಬಲ್ಬು ತೂಗುಹಾಕಿ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳಿ ಹೋಗಲಿ. ಒಂದರ ಮೇಲೊಂದು ರಾಶಿಬಿದ್ದು ಕುಂಯ್‌ಗುಟ್ಟಿದರೆ ಚಳಿ. ದೂರ ದೂರ ಚೆಲ್ಲಿ ಬಿದ್ದು ಏದುಸಿರು ಬಿಟ್ಟರೆ ಸೆಕೆ. ಏಪ್ರಿಲ್–ಮೇ ತಿಂಗಳಲ್ಲಂತೂ ಬಲ್ಬಿನ ಮಾತೇ ಬೇಡ. ಪತ್ರಾಸ್ ಶೆಡ್ಡಿನಲ್ಲಿ ಮರಿ ಇಟ್ಟಿದ್ದರೆ ಮೊದಲು ಅಲ್ಲಿಂದ ಒಳಗೆ ತನ್ನಿ.

ಹಾಲು

ಹುಟ್ಟಿದ ಮೊದಲ ದಿನವೇ ತಾಯಿಯ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ. ಸಣ್ಣ ಮರಿಯನ್ನು ದೊಡ್ಡವು ತಳ್ಳಿಬಿಡುತ್ತವೆ. ಅದನ್ನು ನೀವೇ ಎತ್ತಿ, ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚಿ.

ತಾಯಿ ಸತ್ತರೆ ಅಥವಾ ಹಾಲು ಬತ್ತಿದರೆ ನಮ್ಮ ಕಡೆ ಮೊದಲು ಹುಡುಕುವುದು ಎಮ್ಮೆ, ಆಕಳ ಹಾಲು. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಆಕಳ ಹಾಲಿಗಿಂತ ಸುಮಾರು ಎರಡು ಪಟ್ಟು, ಸಕ್ಕರೆ ಅಂಶ ಕಡಿಮೆ. ಬರೀ ಆಕಳ ಹಾಲು ಕುಡಿಸಿದರೆ ಭೇದಿ ಹತ್ತುತ್ತದೆ. ಔಷಧ ಅಂಗಡಿಯಲ್ಲಿ ಸಿಗುವ ಮರಿಗಳ ಹಾಲಿನ ಪುಡಿಯೇ ಲೇಸು. ಮೊದಲ ವಾರ ಎರಡು–ಮೂರು ತಾಸಿಗೊಮ್ಮೆ, ಉಗುರುಬೆಚ್ಚಗೆ ಕುಡಿಸಿ. ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ. ಹೊಟ್ಟೆ ಕೆಳಗಾಗಿರಲಿ, ಇಲ್ಲವಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣಗಾದ ಮರಿಗೆ ಹಾಲು ಹಾಕಲೇಬಾರದು. ಮೊದಲು ಎದೆಗವಚಿ ನಿಧಾನವಾಗಿ ಬೆಚ್ಚಗೆ ಮಾಡಿ. ಕುಡಿಸಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಳೆಯಿಂದ ಹಿಂಭಾಗ ಸವರಬೇಕು; ಸಣ್ಣ ಕುನ್ನಿಗೆ ತಾನಾಗಿ ಉಚ್ಚೆ, ಹೇಲು ಬರುವುದಿಲ್ಲ, ತಾಯಿ ನೆಕ್ಕಿ ಬರಿಸುತ್ತಾಳೆ.

ತೂಕ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಗುರುತಿಗೆ ಕೊರಳಿಗೆ ಬಣ್ಣದ ದಾರ ಕಟ್ಟಿದರೆ, ಅದು ಬಿಗಿಯಾಯಿತೇ ಎಂದು ದಿನವೂ ನೋಡಿ. ಎಂಟು–ಹತ್ತು ದಿನಕ್ಕೆ ತೂಕ ಇಮ್ಮಡಿಯಾಗಬೇಕು. ಎರಡನೇ ದಿನದಿಂದ ತೂಕ ಏರದೆ ನಿಂತರೆ ಪಶುವೈದ್ಯರಿಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962.

ಸ್ನಾನ ಬೇಡ, ಉಣ್ಣಿ ಪುಡಿಯಂತೂ ಬೇಡವೇ ಬೇಡ. ಕಣ್ಣು 10–14 ದಿನಕ್ಕೆ ತೆರೆಯುತ್ತವೆ, ಬೆರಳಿನಿಂದ ಬಿಡಿಸಬೇಡಿ. ಇದೇ ದಿನಗಳಲ್ಲಿ ತಾಯಿ ನಡುಗಿ, ಕಾಲು ಸೆಟೆದು ಏದುಸಿರು ಬಿಟ್ಟರೆ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ. ಕೂಡಲೇ ಮರಿಗಳನ್ನು ಬಿಡಿಸಿ ಅವಳನ್ನು ಆಸ್ಪತ್ರೆಗೆ ಒಯ್ಯಿರಿ.

ಮುಂದಿನ ವಾರಗಳು

ಎರಡು ವಾರಕ್ಕೆ ಜಂತುಹುಳದ ಮೊದಲ ಔಷಧ, ಮರಿಯ ತೂಕ ನೋಡಿ ವೈದ್ಯರು ಹೇಳಿದಷ್ಟೇ, ಜೊತೆಗೆ ತಾಯಿಗೂ. ಮೂರೂವರೆ ವಾರದ ಹೊತ್ತಿಗೆ ಅದೇ ಪುಡಿ ಹಾಲಿನಲ್ಲಿ ನೆನೆಸಿದ ಮರಿಗಳ ಆಹಾರವನ್ನು ತಟ್ಟೆಯಲ್ಲಿಡಿ. ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ಬೆಂದ ತತ್ತಿ ಕಲಸಿಯೂ ಕೊಡಬಹುದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ ನಾಯಿಗೆ ವಿಷ.

ತಿಂಗಳಿಗೇ ಮರಿ ಕೊಡಿ ಎಂದು ಗಿರಾಕಿ ಬಾಗಿಲಿಗೆ ಬರುತ್ತಾರೆ. ಎಂಟು ವಾರದವರೆಗೆ ಕೊಡಬೇಡಿ. ಕಚ್ಚುವಿಕೆಯ ಮಿತಿಯನ್ನು ಮರಿ ಕಲಿಯುವುದು ತಾಯಿ, ಒಡಹುಟ್ಟಿದವರ ಜೊತೆಯಲ್ಲೇ. ಆರರಿಂದ ಎಂಟನೇ ವಾರದಲ್ಲಿ ಪಾರ್ವೋ, ಡಿಸ್ಟೆಂಪರ್ ಲಸಿಕೆ. ಮೂರು–ನಾಲ್ಕು ವಾರಕ್ಕೊಮ್ಮೆ ಮತ್ತೆ, ಹದಿನಾರು ವಾರ ತುಂಬುವವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಮರಿ ಒಯ್ಯುವವರ ಕೈಗೆ ಲಸಿಕೆ ಚೀಟಿಯನ್ನೂ ತೂಕದ ಹಾಳೆಯನ್ನೂ ಕೊಟ್ಟು ಕಳಿಸಿ.